ಏಲಕ್ಕಿ ಬನ್ನು: ಘಮ ಎಲ್ಲಾ ಅಡುಗೆಮನೆಗೆ, ಬಾಯಿಗೆ ಏನೂ ಇಲ್ಲ!

ಹಿಟ್ಟಿನ ಕೈ, ಮೈಸೂರು

ಎಲ್ಲರಿಗೂ ನಮಸ್ಕಾರ. ಮನೆಗೆ ಓವನ್ ಬಂದು ಎಂಟು ತಿಂಗಳಾಯ್ತು. ಕೇಕು, ಬಿಸ್ಕತ್ತು ಒಂದು ಮಟ್ಟಕ್ಕೆ ಕೈಗೆ ಹತ್ತಿದೆ. ಈಗ ಏಲಕ್ಕಿ ಬನ್ನಿನ ಹುಚ್ಚು ಹಿಡಿದಿದೆ. ನಮ್ಮ ಮನೆಯಲ್ಲಿ ಎಲ್ಲರಿಗೂ ಏಲಕ್ಕಿ ಅಂದ್ರೆ ಪ್ರಾಣ. ಮಾವನವರಂತೂ ಊಟ ಆದ ಮೇಲೆ ಅಡಿಕೆ ಬದಲು ಎರಡು ಏಲಕ್ಕಿ ಬಾಯಿಗೆ ಹಾಕಿಕೊಳ್ಳುವವರು.

ಎರಡು ಭಾನುವಾರ ಮಾಡಿ ನೋಡಿದೆ. ಬನ್ನು ಉಬ್ಬುತ್ತೆ, ಮೆತ್ತಗಿರುತ್ತೆ, ಬಣ್ಣಕ್ಕೂ ಮೋಸ ಇಲ್ಲ. ಬೇಯುವಾಗ ಘಮ ಮೆಟ್ಟಿಲು ಇಳಿದು ಗೇಟಿನ ತನಕ ಹೋಗುತ್ತೆ. ಮೇಲಿನ ಮನೆಯವರು "ಏನ್ರೀ ವಿಶೇಷ?" ಅಂತ ಕೇಳಿಯೂ ಬಿಟ್ಟರು. ಆದರೆ ಬಾಯಿಗಿಟ್ಟರೆ ಬರೀ ಸಿಹಿ ಬ್ರೆಡ್ಡು.

ನನ್ನ ಅಳತೆ ಇದು. 500 ಗ್ರಾಂ ಮೈದಾ, 270 ಮಿ.ಲೀ. ಹಾಲು, 80 ಗ್ರಾಂ ಸಕ್ಕರೆ, 80 ಗ್ರಾಂ ಬೆಣ್ಣೆ, 7 ಗ್ರಾಂ ಇನ್‌ಸ್ಟಂಟ್ ಈಸ್ಟ್, ಅರ್ಧ ಟೀ ಚಮಚ ಉಪ್ಪು. ಪ್ಯಾಕೆಟ್ಟಿನ ಏಲಕ್ಕಿ ಪುಡಿ ಒಂದು ಟೀ ಚಮಚ. ಪುಡಿಯನ್ನು ಹಾಲಿಗೇ ಹಾಕಿ ಐದು ನಿಮಿಷ ಚೆನ್ನಾಗಿ ಕುದಿಸಿ, ಆರಿಸಿ, ಅದರಲ್ಲೇ ಹಿಟ್ಟು ಕಲಸ್ತೀನಿ. ಬೇಯಿಸೋದು 200 ಡಿಗ್ರಿಯಲ್ಲಿ 20 ನಿಮಿಷ. ಪುಡಿ ಎರಡು ಚಮಚ ಮಾಡಿದರೆ ಸರಿ ಹೋಗುತ್ತಾ?

ಕುಕ್ಕರ್ ಕೇಕ್

ಎಸೆನ್ಸ್ ಎರಡು ಹನಿ. ಮುಗೀತು ಕಥೆ.

ಬೇಕರಿ ಹುಡುಗ, ಬೆಂಗಳೂರು

ಎಸೆನ್ಸ್ ಬೇಡ ಮೇಡಂ. ಬೇಕರಿಯಲ್ಲಿ ಕೆಲಸ ಮಾಡುವ ನಾನೇ ಹೇಳ್ತಿದ್ದೇನೆ ಅಂದ್ರೆ ನಂಬಿ. ನಮಗೆ ದಿನಕ್ಕೆ ನೂರಾರು ಬನ್ನು, ಏಲಕ್ಕಿ ರೇಟು ಕಿಲೋಗೆ ಸಾವಿರಗಳಲ್ಲಿ. ಎಸೆನ್ಸ್ ಹಾಕೋದು ಅದಕ್ಕೆ. ಎರಡನೇ ತುತ್ತಿಗೇ ಅದರ ಬಂಡವಾಳ ಬಯಲಾಗುತ್ತೆ, ಬಾಯಲ್ಲಿ ಸೋಪಿನ ಹಾಗೆ ಉಳಿಯುತ್ತೆ. ಹನ್ನೆರಡು ಬನ್ನು ಮಾಡುವವರಿಗೆ ಆ ಕರ್ಮ ಯಾಕೆ?

ದಿಲ್‌ಪಸಂದ್ ನೆನಪು ಮಾಡಿಕೊಳ್ಳಿ. ಹೊರಗಿನ ಹಿಟ್ಟಿನಲ್ಲಿ ಏಲಕ್ಕಿ ಇರೋದಿಲ್ಲ. ಒಳಗಿನ ಕೊಬ್ಬರಿ, ಸಕ್ಕರೆ, ಟೂಟಿಫ್ರೂಟಿ ಹೂರಣದಲ್ಲಿ ಇರುತ್ತೆ. ಕಚ್ಚಿದ ತಕ್ಷಣ ಘಮ ಗೊತ್ತಾಗುತ್ತೆ ಅಲ್ವಾ? ಹೂರಣ ಒಳಗೆ ಮುಚ್ಚಿಕೊಂಡು ಬೆಂದಿರುತ್ತೆ, ಕೊಬ್ಬರಿಯ ಜಿಡ್ಡೂ ಇರುತ್ತೆ. ನೀವು ಎಲ್ಲವನ್ನೂ ಹಿಟ್ಟಿಗೆ ಹಾಕಿದ್ದೀರಿ. ಜಿಡ್ಡಿಗೆ ಒಂದು ಚಿಟಿಕೆಯೂ ಹೋಗಿಲ್ಲ.

ರಸಾಯನ ಮೇಷ್ಟ್ರು, ತುಮಕೂರು

ಮೂವತ್ತು ವರ್ಷ ಪಾಠ ಮಾಡಿದ ಬಾಯಿ, ಸುಮ್ಮನಿರುವುದಿಲ್ಲ. ಸ್ವಲ್ಪ ಸಹಿಸಿಕೊಳ್ಳಿ.

ಏಲಕ್ಕಿ ಘಮಕ್ಕೆ ಮುಖ್ಯವಾಗಿ ಎರಡು ವಸ್ತು ಕಾರಣ. ಒಂದು ಸಿನಿಯೋಲ್. ಮೂಗಿಗೆ ತಣ್ಣಗೆ ಹೊಡೆಯುತ್ತದಲ್ಲ, ಅದು. ನೀಲಗಿರಿ ಎಣ್ಣೆಯಲ್ಲಿ ತುಂಬಿರುವುದೂ ಅದೇ. ಇನ್ನೊಂದು ಟರ್ಪಿನೈಲ್ ಅಸಿಟೇಟ್. ಹೂವಿನಂಥ ಸಿಹಿ ವಾಸನೆ ಅದರದ್ದು. ಎರಡಕ್ಕೂ ನೀರಿನ ಜೊತೆ ಸ್ನೇಹ ಕಮ್ಮಿ, ಕೊಬ್ಬಿನ ಜೊತೆ ಜಾಸ್ತಿ. ಬೆಣ್ಣೆ, ತುಪ್ಪ ಸಿಕ್ಕರೆ ಅಲ್ಲೇ ಕೂತುಬಿಡುತ್ತವೆ.

ಸಿನಿಯೋಲ್ ಕುದಿಯುವುದು ಸುಮಾರು 176 ಡಿಗ್ರಿಯಲ್ಲಿ. ಹಾಗಾದರೆ ಹಾಲು ಕುದಿಸಿದರೆ ಏನಾಗುತ್ತೆ ಅಂತ ಕೇಳಬಹುದು. ಕಾರ್ಖಾನೆಗಳಲ್ಲಿ ಏಲಕ್ಕಿ ಎಣ್ಣೆ ತೆಗೆಯುವುದೇ ಹಬೆ ಹಾಯಿಸಿ. ಹಬೆಯ ಜೊತೆ ಎಣ್ಣೆ ಎದ್ದು ಬರುತ್ತೆ. ತಂಗೀ, ನೀವು ಹಾಲಿನ ಪಾತ್ರೆಯಲ್ಲಿ ಐದು ನಿಮಿಷ ಮಾಡಿದ್ದೂ ಅದನ್ನೇ. ಎಣ್ಣೆ ಹಿಡಿಯೋಕೆ ಸೀಸೆ ಇರಲಿಲ್ಲ, ಅಷ್ಟೇ. ಮೇಲಿನ ಮನೆಯವರ ಮೂಗಿಗೆ ಹೋಗಿದ್ದು ನಿಮ್ಮ ಬನ್ನಿನ ಪಾಲು.

ಓವನ್ನಿನ ಒಳಗೆ ಇಷ್ಟು ನಷ್ಟ ಇಲ್ಲ. ಓವನ್ 200 ಡಿಗ್ರಿ ಇದ್ದರೂ ಬನ್ನಿನ ಒಳಗಿನ ತಿರುಳು 100 ದಾಟುವುದಿಲ್ಲ. ಒಳಗೆ ನೀರಿನ ಅಂಶ ಇರುತ್ತದಲ್ಲ. ಹೊರಗಿನ ಕಂದು ಪದರ ಮಾತ್ರ ಒಣಗಿ ಬಿಸಿಯೇರುತ್ತೆ. ಒಳಗೆ ಹಾಕಿದ್ದು ಒಳಗೇ ಉಳಿಯುತ್ತೆ, ಹಾಕಿದ್ದರೆ.

ಹಿಟ್ಟಿನ ಕೈ

ಅಯ್ಯೋ ಮೇಷ್ಟ್ರೇ! ಹಾಲು ಜಾಸ್ತಿ ಕುದಿಸಿದಷ್ಟೂ ಸಾರ ಇಳಿಯುತ್ತೆ ಅಂದುಕೊಂಡಿದ್ದೆ. ಚಹಾ ಕುದಿಸೋ ಬುದ್ಧಿ.

ರಸಾಯನ ಮೇಷ್ಟ್ರು

ಹಾಲಿಗೆ ಹಾಕಲೇಬೇಕೆಂದರೆ ಕುದಿಸಿ ಇಳಿಸಿದ ಮೇಲೆ ಜಜ್ಜಿದ ಏಲಕ್ಕಿ ಹಾಕಿ ತಟ್ಟೆ ಮುಚ್ಚಿಡಿ. ಅರ್ಧ ಗಂಟೆ ಬಿಟ್ಟು ತೆಗೆಯಿರಿ. ತಟ್ಟೆಗೆ ಅಂಟಿದ ಹನಿಯನ್ನೂ ಹಾಲಿಗೇ ಬಿಡಿ.

ಕಾಫಿತೋಟ, ಸಕಲೇಶಪುರ

ಹಾಲು, ಓವನ್ ಎಲ್ಲಾ ಆಮೇಲೆ. ಮೊದಲು ಆ ಪ್ಯಾಕೆಟ್ ಪುಡಿ ಬಿಸಾಕಿ. ಸಾರಿ, ಬಿಸಾಕಬೇಡಿ, ಚಹಾಕ್ಕೆ ಹಾಕಿ. ಪುಡಿ ಮಾಡಿದ ದಿನದಿಂದಲೇ ಘಮ ಹೊರಡುತ್ತೆ. ಅಂಗಡಿಯ ಪುಡಿ ಯಾವಾಗ ಮಾಡಿದ್ದೋ, ಎಷ್ಟು ಸಿಪ್ಪೆ ಸೇರಿದೆಯೋ ದೇವರಿಗೇ ಗೊತ್ತು.

ನಮ್ಮದು ಹಾನಬಾಳು ಕಡೆ. ಕಾಫಿ ಜೊತೆ ಏಲಕ್ಕಿ ತಾತನ ಕಾಲದಿಂದ ಇದೆ. ನಮ್ಮ ಕಡೆ ಜಾಸ್ತಿ ಇರೋದು ಮಲಬಾರ್ ತಳಿ. ಅದರ ಗೊನೆ ಮೇಲಕ್ಕೆ ನಿಲ್ಲೋದಿಲ್ಲ, ನೆಲದ ಮೇಲೆ ಹರಿದುಕೊಂಡು ಹೋಗುತ್ತೆ. ಹಾಗಾಗಿ ಕೊಯ್ಯುವವರು ಕುಕ್ಕರಗಾಲಲ್ಲಿ ಕೂತು, ಇಂಬಳ ಕಚ್ಚಿಸಿಕೊಂಡು, ಒಂದೊಂದೇ ಕಾಯಿ ಬಿಡಿಸಬೇಕು. ಎಲ್ಲವೂ ಒಟ್ಟಿಗೆ ಬಲಿಯೋದಿಲ್ಲ. ಮಳೆಗಾಲದ ಕೊನೆಯಿಂದ ಶುರು ಮಾಡಿ ಎರಡು ಮೂರು ವಾರಕ್ಕೊಮ್ಮೆ ಅದೇ ಗಿಡದ ಹತ್ತಿರ ಹೋಗ್ತಾ ಇರಬೇಕು. ಐದು ಕಿಲೋ ಹಸಿ ಕಾಯಿ ಒಣಗಿಸಿದರೆ ಹೆಚ್ಚುಕಮ್ಮಿ ಒಂದು ಕಿಲೋ. ಇದರ ಮೇಲೆ ಕಟ್ಟೆ ರೋಗ. ಗಿಡದ ಹೇನು ಹರಡುವ ರೋಗ ಅದು, ಬಂದ ಗಿಡಕ್ಕೆ ಮದ್ದಿಲ್ಲ, ಕಿತ್ತು ಹಾಕೋದೇ. ರೇಟು ಯಾಕೆ ಜಾಸ್ತಿ ಅಂತ ಕೇಳೋರಿಗೆ ಇಷ್ಟು ಹೇಳಿದೆ.

ಈಗ ಕೊಳ್ಳೋ ವಿಷಯ. ಅಂಗಡಿಯವರು "8 ಎಂಎಂ ಇದೆ ಸಾರ್" ಅಂತ ದಪ್ಪ ಕಾಯಿ ತೋರಿಸ್ತಾರೆ. ದಪ್ಪಕ್ಕೆ ದುಡ್ಡು, ಘಮಕ್ಕಲ್ಲ. ಬನ್ನಿಗೆ ಮಧ್ಯಮ ಗಾತ್ರದ್ದು ಸಾಕು. ಒಂದು ಕಾಯಿ ಕೇಳಿ ಇಸ್ಕೊಂಡು ಬಿಡಿಸಿ ನೋಡಿ. ಒಳಗಿನ ಬೀಜ ಕಪ್ಪಗೆ, ಸ್ವಲ್ಪ ಅಂಟಂಟಾಗಿ, ಮೂರು ಗುಂಪಾಗಿ ಒತ್ತಿಕೊಂಡು ಕೂತಿರಬೇಕು. ಪೇಲವ ಕಂದು ಬಣ್ಣ, ಒಣಗಿ ಉದುರೋ ಬೀಜ ಇದ್ದರೆ ಬಿಡಿ. ಬಿಳುಪು ಮಾಡಿದ್ದು ನೋಡೋಕೆ ಚೆಂದ, ಬೇಕಿಂಗಿಗೆ ಬೇಡ. ಕಪ್ಪು ದಪ್ಪ ಏಲಕ್ಕಿ ಅಂತ ಇನ್ನೊಂದಿದೆ, ಸಿಕ್ಕಿಂ ಕಡೆಯದು. ಅದು ಬೇರೆಯೇ ಗಿಡ. ಹೊಗೆಯಲ್ಲಿ ಒಣಗಿಸಿರ್ತಾರೆ, ಬಿರಿಯಾನಿಗೆ ಸರಿ. ಬನ್ನಿಗೆ ಹಾಕಿದರೆ ಒಲೆ ಮುಂದೆ ಕೂತು ತಿಂದ ಹಾಗಿರುತ್ತೆ.

ಯೊಟೆಬೊರಿ ಹುಡುಗಿ, ಸ್ವೀಡನ್

ಈ ಚರ್ಚೆಗೆ ನಾನು ಬರಲೇಬೇಕಿತ್ತು! ಹುಟ್ಟಿದ್ದು ಶಿವಮೊಗ್ಗ, ಆರು ವರ್ಷದಿಂದ ಇಲ್ಲಿ. ಮೊದಲ ಸಲ ಇಲ್ಲಿನ ಬೇಕರಿ ಬಾಗಿಲು ತೆರೆದಾಗ ನಮ್ಮಜ್ಜಿ ಮನೆಯ ಹಬ್ಬದ ವಾಸನೆ. ಹೊರಗೆ ಹಿಮ, ಒಳಗೆ ಹೋಳಿಗೆ ಮಾಡ್ತಿದ್ದಾರೇನೋ ಅನ್ನೋ ಹಾಗೆ. ಕಣ್ಣಲ್ಲಿ ನೀರೇ ಬಂತು.

ಏಲಕ್ಕಿ ಒಂದು ಎಲೆಯೂ ಬೆಳೆಯದ ದೇಶ ಇದು. ಆದರೆ ಸಿಹಿ ಬನ್ನಿನ ಹಿಟ್ಟು ಅಂದರೆ ಏಲಕ್ಕಿ ಇರಲೇಬೇಕು. ದಾಲ್ಚಿನ್ನಿ ಬನ್ನಿಗೂ ಒಳಗೆ ಹಚ್ಚೋದು ದಾಲ್ಚಿನ್ನಿ, ಹಿಟ್ಟಿನಲ್ಲಿ ಏಲಕ್ಕಿ. ಅಕ್ಟೋಬರ್ 4 ದಾಲ್ಚಿನ್ನಿ ಬನ್ನಿನ ದಿನ, 1999ರಿಂದ ಆಚರಿಸ್ತಾರೆ. ಅವತ್ತು ಆಫೀಸಿನಲ್ಲಿ ಕೆಲಸ ಅಷ್ಟಕ್ಕಷ್ಟೇ. ಬರೀ ಏಲಕ್ಕಿಯದೇ ಬನ್ನಿಗೆ ಕಾರ್ಡೆಮುಮ್ಮಬುಲ್ಲೆ ಅಂತಾರೆ. ಈಸ್ಟರ್‌ಗೆ ಮೊದಲು ಬರುವ ಕ್ರೈಸ್ತರ ಲೆಂಟ್ ಉಪವಾಸದ ಮುಂಚೆ ಸೆಮ್ಲಾ ಅಂತ ಇನ್ನೊಂದು ಬರುತ್ತೆ. ಏಲಕ್ಕಿ ಬನ್ನಿನ ತಲೆ ಕತ್ತರಿಸಿ, ಒಳಗೆ ಬಾದಾಮಿ ಹೂರಣ, ಮೇಲೆ ಕೆನೆ. 1771ರಲ್ಲಿ ಅಡಾಲ್ಫ್ ಫ್ರೆಡ್ರಿಕ್ ಅನ್ನೋ ರಾಜ ಭಾರೀ ಊಟ ಹೊಡೆದು, ಕೊನೆಗೆ ಇದನ್ನೂ ತಿಂದು, ಅವತ್ತೇ ಸತ್ತ. ಹದಿನಾಲ್ಕು ತಿಂದಿದ್ದ ಅಂತ ಇಲ್ಲಿ ಎಲ್ಲರೂ ಹೇಳ್ತಾರೆ.

ಸರಿ, ವಿಷಯಕ್ಕೆ ಬರ್ತೀನಿ. ಇಲ್ಲಿ ನುಣ್ಣನೆ ಪುಡಿಗೆ ಬೆಲೆಯೇ ಇಲ್ಲ. ಅಂಗಡಿಯಲ್ಲಿ ಸಿಪ್ಪೆ ಬಿಡಿಸಿದ ಬರೀ ಬೀಜ ಸಿಗುತ್ತೆ, ಇಲ್ಲಾ ತರಿತರಿಯಾಗಿ ಕುಟ್ಟಿದ್ದು. ಬನ್ನು ಕಚ್ಚಿದಾಗ ಕಪ್ಪು ಚುಕ್ಕಿ ಕಾಣಬೇಕು, ಹಲ್ಲಿಗೆ ಒಂದೆರಡು ತರಿ ಸಿಕ್ಕಬೇಕು. ಘಮ ಹೊರಬರೋದು ಆ ತರಿ ಒಡೆದಾಗ. ನುಣ್ಣಗೆ ಪುಡಿ ಮಾಡಿದರೆ ಎಲ್ಲಾ ಕಡೆ ಸಮ ಹರಡಿ ಎಲ್ಲೂ ಗೊತ್ತಾಗಲ್ಲ.

ನಾನು ಮಾಡೋದು ಹೀಗೆ. ನಿಮ್ಮದೇ 500 ಗ್ರಾಂ ಹಿಟ್ಟಿನ ಅಳತೆ ಇರಲಿ. ಕಲಸುವಾಗ ತರಿ ಏಲಕ್ಕಿ ಎರಡು ಟೀ ಚಮಚ. ಹಾಲು ಬೆರಳಿಗೆ ಬೆಚ್ಚಗಿದ್ದರೆ ಸಾಕು. ಹತ್ತು ಹನ್ನೆರಡು ನಿಮಿಷ ನಾದಿ, ಬೆಣ್ಣೆ ಕೊನೆಗೆ ಸ್ವಲ್ಪ ಸ್ವಲ್ಪವೇ ಸೇರಿಸ್ತೀನಿ. ಎರಡರಷ್ಟು ಉಬ್ಬಿದ ಮೇಲೆ ದೊಡ್ಡ ಚೌಕ ಲಟ್ಟಿಸಿ ಹೂರಣ ಹಚ್ಚೋದು. 100 ಗ್ರಾಂ ಮೆತ್ತಗಿನ ಬೆಣ್ಣೆ, 90 ಗ್ರಾಂ ಸಕ್ಕರೆ, ತರಿ ಏಲಕ್ಕಿ ಒಂದು ಟೇಬಲ್ ಚಮಚ. ಬೆಣ್ಣೆ ಕರಗಿಸಬೇಡಿ, ಎಲ್ಲಾ ತಟ್ಟೆಗೆ ಹರಿದುಹೋಗುತ್ತೆ. ಕಾಗದ ಮಡಚಿದ ಹಾಗೆ ಮೂರು ಮಡಿಕೆ ಮಾಡಿ ಮತ್ತೆ ಸ್ವಲ್ಪ ಲಟ್ಟಿಸಿ, ಬೆರಳಗಲದ ಪಟ್ಟಿ ಕತ್ತರಿಸಿ, ಪ್ರತಿ ಪಟ್ಟಿ ತಿರುಚಿ ಎರಡು ಬೆರಳಿಗೆ ಸುತ್ತಿ, ತುದಿ ಒಳಗೆ ತೂರಿಸೋದು. ಮಲ್ಲಿಗೆ ದಂಡೆ ಸುತ್ತಿಡೋ ಹಾಗೆ. ಮತ್ತೆ ಮುಕ್ಕಾಲು ಗಂಟೆ ಬಿಟ್ಟು 225 ಡಿಗ್ರಿಯಲ್ಲಿ ಎಂಟರಿಂದ ಹತ್ತು ನಿಮಿಷ. ನಿಮ್ಮ 20 ನಿಮಿಷ ತುಂಬಾ ಜಾಸ್ತಿ. ಜೋರು ಉರಿ, ಕಡಿಮೆ ಹೊತ್ತು.

ತೆಗೆದ ತಕ್ಷಣ ಸಮ ಸಮ ಸಕ್ಕರೆ ನೀರಿನ ಪಾಕ ಹಚ್ಚಿ, ಮೇಲೆ ಏಲಕ್ಕಿ ಬೆರೆಸಿದ ಸಕ್ಕರೆ ಉದುರಿಸಿ. ಆ ಕೊನೆಯ ಏಲಕ್ಕಿಗೆ ಉರಿಯೇ ತಾಗಿರಲ್ಲ ನೋಡಿ. ಮೂಗಿಗೆ ಮೊದಲು ಸಿಗೋದು ಅದೇ.

ಕುಮಟೆ ಕಡಲು

ಒಂದು ಟೇಬಲ್ ಚಮಚವಾ? ನಮ್ಮ ಅತ್ತೆ ಅಷ್ಟರಲ್ಲಿ ಮೂರು ಹಬ್ಬ ಮುಗಿಸ್ತಾರೆ!

ಸಿಪ್ಪೆ ವಿಷಯದಲ್ಲಿ ನನ್ನದೊಂದು ತಕರಾರಿದೆ. ಬೀಜ ಮಾತ್ರ ಬಿಡಿಸಿ ಸಿಪ್ಪೆ ಎಸೆಯೋದು ಯಾವ ನ್ಯಾಯ? ನಮ್ಮ ಮನೆಯಲ್ಲಿ ಇಡೀ ಕಾಯನ್ನೇ ಸಕ್ಕರೆ ಜೊತೆ ಮಿಕ್ಸಿಗೆ ಹಾಕಿ ಪುಡಿ ಮಾಡ್ತೀವಿ. ಯಾರೂ ದೂರಿಲ್ಲ.

ಬೇಕರಿ ಹುಡುಗ

ಲಾಡುಗೆ, ಪಾಯಸಕ್ಕೆ ನಡೆಯುತ್ತೆ ಅಕ್ಕಾ. ಬನ್ನಿನಲ್ಲಿ ಸಿಪ್ಪೆಯ ನಾರು ಬಾಯಿಗೆ ಸಿಗುತ್ತೆ. ಮರದ ಪುಡಿ ಜಗಿದ ಹಾಗೆ. ಅದಕ್ಕಿಂತ ಮುಖ್ಯ, ಸಿಪ್ಪೆಯಲ್ಲಿ ಘಮ ತೀರಾ ಕಮ್ಮಿ. ಒಂದು ಚಮಚ ಅಂತ ಅಳೆದಿದ್ದರಲ್ಲಿ ಕಾಲು ಭಾಗ ಸಿಪ್ಪೆ ಅಂದರೆ ನಿಮ್ಮ ಅಳತೆಯೇ ತಪ್ಪಿತು.

ಕುಮಟೆ ಕಡಲು

ಕಾಲು ಭಾಗ ಅಂತ ತೂಗಿ ನೋಡಿದ್ದೀಯಾ ತಮ್ಮಾ?

ಬೇಕರಿ ಹುಡುಗ

ಇಲ್ಲ ಅಕ್ಕಾ, ಬಾಯಿಗೆ ಬಂದಿದ್ದು ಹೇಳಿದೆ. 😄 ಆದರೆ ನಾರು ಮಾತ್ರ ನಿಜ.

ಕಾಫಿತೋಟ

ಜಗಳ ಬೇಡ. ಸಿಪ್ಪೆಯನ್ನು ಸಕ್ಕರೆ ಡಬ್ಬಿಗೆ ಹಾಕಿಡಿ. ಎರಡು ವಾರದಲ್ಲಿ ಸಕ್ಕರೆಗೇ ಮೆಲ್ಲಗೆ ಘಮ ಬರುತ್ತೆ. ಅದೇ ಸಕ್ಕರೆ ಬನ್ನಿಗೆ ಹಾಕಿ. ನಮ್ಮಲ್ಲಿ ಕುಡಿಯೋ ನೀರಿನ ಹಂಡೆಗೂ ಹಾಕ್ತಾರೆ.

ಕುಮಟೆ ಕಡಲು

ಇದು ಸರಿ. ಈ ಮಾತಿಗೆ ನಾನು ಸೋತೆ.

ಅಂದ ಹಾಗೆ ನಮ್ಮ ಕಡೆ ಓವನ್ ಬರುವ ಮುಂಚೆಯೂ ಬೇಕಿಂಗ್ ಇತ್ತು, ಯಾರೂ ಆ ಹೆಸರಲ್ಲಿ ಕರೀತಿರಲಿಲ್ಲ ಅಷ್ಟೇ. ತವಸಳಿ ಗೊತ್ತಲ್ಲ? ಮಗೆಸೌತೆ ತುರಿದು, ಹುರಿದ ರವೆ, ಬೆಲ್ಲ, ತೆಂಗಿನತುರಿ, ಏಲಕ್ಕಿ ಕಲಸಿ ದಪ್ಪ ತಳದ ಪಾತ್ರೆಗೆ ಹಾಕೋದು. ಅಜ್ಜಿ ಕೆಳಗೆ ಸಣ್ಣ ಉರಿ ಇಟ್ಟು, ಪಾತ್ರೆ ಮೇಲೆ ತಟ್ಟೆ ಮುಚ್ಚಿ, ಆ ತಟ್ಟೆ ಮೇಲೆ ತೆಂಗಿನ ಚಿಪ್ಪಿನ ಕೆಂಡ ಹರಡ್ತಿದ್ದರು. ಮೇಲೆ ಕೆಳಗೆ ಎರಡೂ ಕಡೆ ಕೆಂಪಗೆ. ಈಗ ನಾನು ಓವನ್ನಿನಲ್ಲಿ 180 ಡಿಗ್ರಿಗೆ ಮುಕ್ಕಾಲು ಗಂಟೆ ಇಡ್ತೀನಿ. ಸೌತೆಕಾಯಿ ನೀರು ಚೆಲ್ಲಬೇಡಿ, ರವೆ ಅದರಲ್ಲೇ ನೆನೆಯಬೇಕು. ನೀರು ಬೇರೆ ಸೇರಿಸಿದರೆ ಉಪ್ಪಿಟ್ಟಾಗುತ್ತೆ.

ಕುಕ್ಕರ್ ಕೇಕ್

ಓವನ್ ಇಲ್ಲದವರ ಕಡೆ ಯಾರೂ ನೋಡಲ್ಲ. ನನ್ನದು ಹಳೇ 5 ಲೀಟರ್ ಕುಕ್ಕರ್. ತಳಕ್ಕೆ ಎರಡು ಹಿಡಿ ಪುಡಿ ಉಪ್ಪು, ಮೇಲೊಂದು ಸ್ಟ್ಯಾಂಡ್, ಗ್ಯಾಸ್ಕೆಟ್ಟು ವಿಷಲ್ಲು ತೆಗೆದು ಹತ್ತು ನಿಮಿಷ ಕಾಯಿಸಿ ಕೇಕಿನ ಪಾತ್ರೆ ಇಳಿಸೋದು. ರವೆ ಕೇಕ್ ಬರುತ್ತೆ. ಈ ಬನ್ನು ಬರುತ್ತಾ?

ಬೇಕರಿ ಹುಡುಗ

ಬೇಯುತ್ತೆ, ಮೇಲೆ ಕೆಂಪಾಗಲ್ಲ. ಕುಕ್ಕರಿನಲ್ಲಿ ಮೇಲಿಂದ ಬಿಸಿ ಇಲ್ಲವಲ್ಲ. ನೀವು ನಾನ್‌ಖಟಾಯ್ ಮಾಡಿ, ಅದಕ್ಕೆ ಕೆಂಪಾಗೋದೇ ಬೇಡ. ಒಂದು ಲೋಟ ಮೈದಾ, ಕಾಲು ಲೋಟ ಕಡಲೆಹಿಟ್ಟು, ಸಕ್ಕರೆ ಪುಡಿ ಅರ್ಧ ಲೋಟ, ತುಪ್ಪ ಅರ್ಧ ಲೋಟಕ್ಕೆ ಒಂಚೂರು ಜಾಸ್ತಿ, ಚಿಟಿಕೆ ಸೋಡಾ. ತುಪ್ಪ ಹರಳುಗಟ್ಟಿರಬೇಕು. ಮೊದಲು ತುಪ್ಪ, ಸಕ್ಕರೆ, ಏಲಕ್ಕಿ ಮೂರನ್ನೇ ಬೆಳ್ಳಗಾಗೋ ತನಕ ಕೈಯಲ್ಲಿ ಉಜ್ಜಿ. ಹಿಟ್ಟು ಆಮೇಲೆ.

ಕುಕ್ಕರ್ ಕೇಕ್

ತುಪ್ಪ ಕರಗಿಸಿ ಹಾಕಿದರೆ?

ಬೇಕರಿ ಹುಡುಗ

ನಾನ್‌ಖಟಾಯ್ ಬದಲು ದೋಸೆ ಸಿಗುತ್ತೆ.

ಹಿಟ್ಟಿನ ಕೈ

ಎಲ್ಲರಿಗೂ ವರದಿ ಒಪ್ಪಿಸಬೇಕು. ನಿನ್ನೆ ಮೂರನೇ ಸಲ ಮಾಡಿದೆ. ಇಡೀ ಏಲಕ್ಕಿ ಬಿಡಿಸಿ, ಕುಟ್ಟಾಣಿಯಲ್ಲಿ ತರಿಯಾಗಿ ಕುಟ್ಟಿ, ಹಾಲಿಗೆ ಹಾಕದೆ, ಬೆಣ್ಣೆಯಲ್ಲಿ ಕಲಸಿ, ದಂಡೆ ಥರ ಸುತ್ತಿ (ನನ್ನದು ದಂಡೆಗಿಂತ ದಾರದ ಉಂಡೆ ಥರ ಕಾಣ್ತಿತ್ತು), 210 ಡಿಗ್ರಿಯಲ್ಲಿ 12 ನಿಮಿಷ. ಎಲ್ಲಾ ನೀವು ಹೇಳಿದ ಹಾಗೇ.

ಘಮ ಹೋದ ಸಲಕ್ಕಿಂತಲೂ ಕಮ್ಮಿ! ಕಪ್ಪು ಚುಕ್ಕಿ ಇದೆ, ಹಲ್ಲಿಗೆ ತರಿ ಸಿಗುತ್ತೆ, ವಾಸನೆ ಇಲ್ಲ. ನನ್ನ ಮಗ "ಅಮ್ಮಾ ಇದರಲ್ಲಿ ಮರಳು ಬಿದ್ದಿದೆ" ಅಂದ.

ಕಾಫಿತೋಟ

ಏಲಕ್ಕಿ ಎಲ್ಲಿಂದ ತಂದಿದ್ದು?

ಹಿಟ್ಟಿನ ಕೈ

ಮನೆಯಲ್ಲೇ ಇತ್ತು.

ಕಾಫಿತೋಟ

ಮನೆಯಲ್ಲಿ ಎಲ್ಲಿತ್ತು?

ಹಿಟ್ಟಿನ ಕೈ

ಹೇಳ್ತೀನಿ, ನಗಬೇಡಿ. ನಮ್ಮ ಮಾವನವರು ರಿಟೈರ್ ಆದಾಗ ಸನ್ಮಾನ ಮಾಡಿ ಏಲಕ್ಕಿ ಹಾರ ಹಾಕಿದ್ದರು. ಅದು ನಡುಮನೆಯ ಶೋಕೇಸಿನಲ್ಲಿ, ಫೋಟೋ ಪಕ್ಕ ಇದೆ. ಅಂಗಡಿಗೆ ಹೋದರೆ 50 ಗ್ರಾಂಗೆ ಇನ್ನೂರು ಚಿಲ್ಲರೆ ಹೇಳಿದರು. ಶೋಕೇಸಿನಲ್ಲಿ ಅಷ್ಟೊಂದು ಸುಮ್ನೆ ನೇತಾಡ್ತಿದೆಯಲ್ಲ ಅನ್ನಿಸಿತು. ಹಿಂಭಾಗದಿಂದ, ಕಾಣದ ಹಾಗೆ, ಒಂದು ಮೂವತ್ತು ಕಾಯಿ ಬಿಡಿಸಿಕೊಂಡೆ.

ಯೊಟೆಬೊರಿ ಹುಡುಗಿ

ಬಸ್ಸಿನಲ್ಲಿದ್ದೇನೆ. ಪಕ್ಕದವರು ನನ್ನನ್ನೇ ನೋಡ್ತಿದ್ದಾರೆ. ನಗು ತಡೆಯೋಕಾಗ್ತಿಲ್ಲ.

ರಸಾಯನ ಮೇಷ್ಟ್ರು

ರಿಟೈರ್ ಆಗಿ ಎಷ್ಟು ವರ್ಷ?

ಹಿಟ್ಟಿನ ಕೈ

ಒಂಬತ್ತು.

ಹಾವೇರಿ ಮಾವ

ಇಷ್ಟು ದಿನ ಸುಮ್ಮನೆ ಓದ್ತಿದ್ದೆ. ಈಗ ನಮ್ಮೂರಿನ ಮಾನದ ಪ್ರಶ್ನೆ ಬಂತು, ಬರೀಬೇಕಾಯ್ತು.

ಏಲಕ್ಕಿ ಹಾರ ಅಂದ್ರ ಹಾವೇರಿ ನೋಡ್ರಿ. ನಮ್ಮಲ್ಲಿ ಏಲಕ್ಕಿ ಒಂದು ಗಿಡ ಇಲ್ಲ. ಆದರೂ ಊರಿಗೆ ಏಲಕ್ಕಿ ಕಂಪಿನ ನಾಡು ಅಂತ ಹೆಸರು. ಹಿಂದೆ ಮಲೆನಾಡಿನ ಏಲಕ್ಕಿ ಮೂಟೆಗಟ್ಟಲೆ ಇಲ್ಲಿಗೆ ಬರ್ತಿತ್ತು. ಇಲ್ಲಿನ ಬಾವಿ ನೀರಿನಲ್ಲಿ ತೊಳೆದರೆ ಕಾಯಿಗೆ ಒಳ್ಳೆ ಬಿಳುಪು ಬರುತ್ತೆ ಅಂತ ಹಿರಿಯರು ಹೇಳ್ತಿದ್ದರು. ವ್ಯಾಪಾರದ ಜೊತೆ ಹಾರದ ಕಲೆಯೂ ಬೆಳೀತು. ದಪ್ಪ ದಪ್ಪ ಕಾಯಿ ಆರಿಸಿ, ರೇಷ್ಮೆ ದಾರ, ಜರಿ, ಮಣಿ ಸೇರಿಸಿ ಎಳೆ ಎಳೆಯಾಗಿ ಪೋಣಿಸ್ತಾರೆ. 2023ರ ಜನವರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ನಮ್ಮೂರಲ್ಲೇ ಆಯ್ತಲ್ಲ, ಆಗ ಎಲ್ಲಿ ನೋಡಿದರೂ ಏಲಕ್ಕಿ ಹಾರದ ಮಾತೇ.

ಆದರೆ ತಂಗೀ, ಹಾರಕ್ಕೆ ಆರಿಸೋದು ಗಾತ್ರ, ಬಣ್ಣ ನೋಡಿ. ಸೂಜಿ ಹಾಯ್ದ ಮೇಲೆ ಪ್ರತಿ ಕಾಯಿಗೂ ಎರಡು ತೂತು. ಆ ತೂತಿನಿಂದ ಒಂಬತ್ತು ವರ್ಷ ಗಾಳಿ ಆಡಿದೆ. ಇನ್ನೇನು ಉಳಿದೀತು? ಹಾರ ಕೊಟ್ಟ ತಿಂಗಳೊಳಗೆ ಬಿಚ್ಚಿ ಪಾಯಸಕ್ಕೆ ಹಾಕೋದು ಜಾಣತನ. ನಮ್ಮ ಮನೆಯಲ್ಲಿ ಮಾಡೋದು ಹಾಗೇ. ಶೋಕೇಸಿಗೆ ಬರೀ ದಾರ ಮಣಿ ಉಳಿದರೂ ಸನ್ಮಾನ ಸನ್ಮಾನವೇ.

ಕಾಫಿತೋಟ

ಮೂವತ್ತು ಕಾಯಿ ಶೋಕೇಸಿನಿಂದ ಕದ್ದ ಮೇಲೆ ಹೊಸದು ಕೊಳ್ಳೋದೇ ದಾರಿ. ಸಂತೆಯಲ್ಲೋ, ನಂಬಿಕೆಯ ಅಂಗಡಿಯಲ್ಲೋ 50 ಗ್ರಾಂ ತಗೊಳ್ಳಿ, ಜಾಸ್ತಿ ಬೇಡ. ಗಾಜಿನ ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿ ಕತ್ತಲೆ ಕಪಾಟಿನಲ್ಲಿ ಇಡಿ. ಒಲೆ ಮೇಲಿನ ಶೆಲ್ಫ್ ಬೇಡವೇ ಬೇಡ. ಬಿಡಿಸೋದು ಕುಟ್ಟೋ ಹೊತ್ತಿಗೆ.

ಚಿತ್ರಾನ್ನ ಪ್ರಿಯೆ

ಒಂದು ಅಡ್ಡ ಪ್ರಶ್ನೆ. ಏಲಕ್ಕಿ ಇಷ್ಟೊಂದು ದುಬಾರಿ ಆದರೆ ಚಕ್ಕೆ ಪುಡಿ ಹಾಕಬಹುದಲ್ವಾ? ನಾನು ಹಿಟ್ಟಿಗೇ ಎರಡು ಚಮಚ ಚಕ್ಕೆ ಪುಡಿ ಹಾಕಿ ಕಲಸಿದೆ. ಮೂರು ಗಂಟೆ ಆದರೂ ಉಬ್ಬಲಿಲ್ಲ.

ರಸಾಯನ ಮೇಷ್ಟ್ರು

ಚಕ್ಕೆಯ ಖಾರದ ಘಮ ಕೊಡುವ ಸಿನ್ನಮಾಲ್ಡಿಹೈಡ್ ಈಸ್ಟನ್ನು ತಡೆಯುತ್ತೆ. ಬೂಷ್ಟು ಬರದಂತೆ ನೋಡಿಕೊಳ್ಳುವ ಗುಣವೇ ಇಲ್ಲಿ ಶತ್ರು. ಅದಕ್ಕೇ ಸ್ವೀಡನ್ನಿನವರು ಅದನ್ನು ಹಿಟ್ಟಿಗೆ ಹಾಕದೆ ಹೂರಣಕ್ಕೆ ಹಾಕುವುದು ಅನುಕೂಲ. ಏಲಕ್ಕಿಗೆ ಆ ತಂಟೆ ಇಲ್ಲ. ಇನ್ನೊಂದು, ನಮ್ಮ ಅಂಗಡಿಗಳಲ್ಲಿ ಸಿಗುವ ದಪ್ಪ ಗಟ್ಟಿ ತೊಗಟೆ ಹೆಚ್ಚಾಗಿ ಕ್ಯಾಸಿಯಾ. ಅದರಲ್ಲಿ ಕೂಮರಿನ್ ಜಾಸ್ತಿ, ದಿನಾ ಚಮಚಗಟ್ಟಲೆ ತಿಂದರೆ ಲಿವರಿಗೆ ಒಳ್ಳೆಯದಲ್ಲ. ಸಿಲೋನ್ ದಾಲ್ಚಿನ್ನಿ ಕಾಗದದ ಸುರುಳಿಯಂತೆ ತೆಳು ಪದರ ಪದರವಾಗಿರುತ್ತೆ, ಕೈಯಲ್ಲೇ ಮುರಿಯಬಹುದು. ಸಿಕ್ಕರೆ ಅದನ್ನು ಕೊಳ್ಳಿ.

ಚಿತ್ರಾನ್ನ ಪ್ರಿಯೆ

ಆ ಹಿಟ್ಟನ್ನು ಚಪಾತಿ ಮಾಡಿ ಮುಗಿಸಿದೆ. ಮಕ್ಕಳು ತಿಂದರು, ಯಜಮಾನರು ಮಾತಾಡಲಿಲ್ಲ.

ಕುಕ್ಕರ್ ಕೇಕ್

ನಾನ್‌ಖಟಾಯ್ ಆಯ್ತು! ಕುಕ್ಕರಿನಲ್ಲಿ ಸಣ್ಣ ಉರಿ, 22 ನಿಮಿಷ. ಒಂದು ಸಲಕ್ಕೆ ಆರೇ ಹಿಡಿಯೋದು, ಹಾಗಾಗಿ ಸಂಜೆಯೆಲ್ಲಾ ಒಲೆ ಮುಂದೆ. ತುಪ್ಪದಲ್ಲೇ ಏಲಕ್ಕಿ ಉಜ್ಜಿದ್ದು ಭಾರೀ ವ್ಯತ್ಯಾಸ. ಎಸೆನ್ಸ್ ಮಾತು ವಾಪಸ್ ತಗೊಂಡೆ. ಒಂದು ಅನುಮಾನ, ಮಾರನೇ ದಿನ ಘಮ ಇನ್ನೂ ಜಾಸ್ತಿ ಅನ್ನಿಸ್ತು. ಭ್ರಮೆನಾ?

ಬೇಕರಿ ಹುಡುಗ

ಭ್ರಮೆ ಅಲ್ಲ. ಬೆಣ್ಣೆ ಬಿಸ್ಕತ್ತೂ ಅಷ್ಟೇ, ಡಬ್ಬಿಯಲ್ಲಿ ಒಂದು ರಾತ್ರಿ ಕೂತ ಮೇಲೇ ರುಚಿ. ಬನ್ನು ಮಾತ್ರ ಅವತ್ತಿನದು ಅವತ್ತೇ. ಉಳಿದರೆ ತೆಳ್ಳಗೆ ಹೆಚ್ಚಿ ಸಣ್ಣ ಉರಿಯಲ್ಲಿ ಒಣಗಿಸಿ, ಒಳ್ಳೆ ಏಲಕ್ಕಿ ರಸ್ಕು.

ಹಿಟ್ಟಿನ ಕೈ

ನಾಲ್ಕನೇ ಸಲ!

ಅಂಗಡಿಯಲ್ಲಿ ಕಾಯಿ ಬಿಡಿಸಿ ನೋಡ್ತೀನಿ ಅಂದಾಗ ಅಂಗಡಿಯವರು ಮುಖ ಸಿಂಡರಿಸಿದರು. ಬಿಡಲಿಲ್ಲ. ಮೂರನೇ ಡಬ್ಬಿಯದ್ದರಲ್ಲಿ ಕಪ್ಪು ಬೀಜ, ಅಂಟು, ಮೂಗಿಗೆ ತಣ್ಣಗೆ. ಅದನ್ನೇ ತಂದೆ. ಹಿಟ್ಟಿಗೆ ಎರಡು ಚಮಚ. ಹೂರಣಕ್ಕೆ ಒಂದು ಟೇಬಲ್ ಚಮಚ ಹಾಕೋಕೆ ಕೈ ಬರಲಿಲ್ಲ, ಕುಮಟೆ ಅಕ್ಕನ ಅತ್ತೆ ನೆನಪಾದರು. ಎರಡು ಟೀ ಚಮಚಕ್ಕೆ ನಿಲ್ಲಿಸಿದೆ. ಸಾಕಾಯ್ತು.

ಬೇಯುವಾಗ ಅಡುಗೆಮನೆಯಲ್ಲಿ ಘಮ ಮೊದಲಿನಷ್ಟು ಜೋರಾಗಿ ಬರಲಿಲ್ಲ. ನನಗೆ ಎದೆ ಧಸಕ್ ಅಂತು. ಆಮೇಲೆ ಒಂದು ಬನ್ನು ಮುರಿದೆ. ಮೇಷ್ಟ್ರೇ, ನಿಮ್ಮ ಸೀಸೆ ಸಿಕ್ತು ನನಗೆ! ಮೊದಲ ತುತ್ತಿಗೆ ಮೇಲಿನ ಸಕ್ಕರೆಯ ಘಮ, ಆಮೇಲೆ ಬೆಣ್ಣೆಯದು, ಕೊನೆಗೆ ತರಿ ಒಡೆದಾಗ ಇನ್ನೊಂದು ಸಲ. ಹನ್ನೆರಡರಲ್ಲಿ ಮಗ ಒಬ್ಬನೇ ನಾಲ್ಕು ಮುಗಿಸಿದ. ರಾಜನ ಕಥೆ ಹೇಳಿ ಐದನೆಯದನ್ನು ತಡೆದೆ.

ಮಾವನವರು ಎರಡು ತಿಂದು, ಬಾಯಿ ಒರೆಸಿಕೊಂಡು, ಶೋಕೇಸಿನ ಕಡೆ ನೋಡಿ, "ಹಾರ ಯಾಕೋ ಒಂದು ಕಡೆ ವಾಲಿದೆಯಲ್ಲಮ್ಮಾ" ಅಂದರು. "ಹೌದಾ ಮಾವ?" ಅಂತ ಒಳಗೆ ಬಂದುಬಿಟ್ಟೆ. 50 ಗ್ರಾಂನಲ್ಲಿ ಇನ್ನೂ ಸುಮಾರು ಉಳಿದಿದೆ. ಹಾವೇರಿ ಮಾವ, ಪೋಣಿಸೋಕೆ ಯಾವ ದಾರ ತರಬೇಕು? ಬೇಗ ಹೇಳಿ, ಅವರು ಸಂಜೆ ವಾಕಿಂಗ್ ಹೋಗೋದು ಐದೂವರೆಗೆ.

ಹಾವೇರಿ ಮಾವ

ದಾರ ಇರಲಿ, ಮೊದಲು ಕಾಯಿ ಬಣ್ಣ ನೋಡ್ರಿ. ಹೊಸದು ಹಸಿರಿಗೆ, ಹಳೇದು ಒಂಬತ್ತು ವರ್ಷದ್ದು. ಪಕ್ಕದಲ್ಲಿಟ್ಟರೆ ದೂರದಿಂದಲೇ ಗೊತ್ತಾಗುತ್ತೆ. ಹಿಂದಿನ ಸಾಲಿಗೇ ಹಾಕ್ರಿ. ಕಾಯಿ ಒಣಗಿದ್ದರೆ ಸೂಜಿಗೆ ಸೀಳುತ್ತೆ, ಒದ್ದೆ ಬಟ್ಟೆಯಲ್ಲಿ ಹತ್ತು ನಿಮಿಷ ಸುತ್ತಿಟ್ಟು ಆಮೇಲೆ ಚುಚ್ಚಿ. ಕೆಂಪು ರೇಷ್ಮೆ ದಾರ, ಎರಡು ಎಳೆ.